ಸೂಲಗಿತ್ತಿಯ ಫಿಯೆಟ್

ಅಸ್ಮಾರಾದ ಮೆದೆಬರ್ ಸಂತೆಯಲ್ಲಿ ಬೆಳಗೆಂದರೆ ಸುತ್ತಿಗೆ.
ಡ್ರಮ್ಮು ಒಲೆಯಾಗುತ್ತದೆ, ಟೈರು ಚಪ್ಪಲಿ.
ಇಲ್ಲಿ ಯಾವುದಕ್ಕೂ ಸುಮ್ಮನೆ ಸಾಯಲು ಬಿಡುವುದಿಲ್ಲ.
ಅಷ್ಟು ಗದ್ದಲದೊಳಗೂ ಕೇಳಿಸಿತು
ಲೆತೆಬ್ರಹಾನರ ಮಿಲ್ಲೆಚೆಂತೊ,
ಐವತ್ತೆಂಟರ ಮಾಡೆಲ್ಲು, ಬೂದು ಬಣ್ಣ,
ಗಂಟಲು ಕಟ್ಟಿದ ಗೂಳಿಯ ಹಾಗೆ
ಇಳಿಜಾರಿನಿಂದಲೇ ಕೆಮ್ಮುತ್ತ ಬಂತು.

ಎರಡು ದಿನ ಬೇಕು, ಎಂದೆ.
ಒಂದೂವರೆ, ಎಂದರು.
ಹಾಜ್‌ಹಾಜ್‌ನಲ್ಲಿ ಒಬ್ಬಳಿಗೆ ತಿಂಗಳು ತುಂಬಿದೆ.

ಗೋಣಿ ಹಾಸಿ ಅಂಗಾತ ಮಲಗಿದೆ.
ಕೆಂಪು ತೆಫ್ ಹಿಟ್ಟಿನ ಹಾಗೆ
ತುಕ್ಕು ರೆಪ್ಪೆಯ ಮೇಲೆ ಉದುರಿತು.
ನಾಲ್ಕು ಸ್ಟಡ್ಡುಗಳಲ್ಲಿ ಮೂರು ಸೀಮೆಎಣ್ಣೆಗೆ ಸೋತವು.
ನಾಲ್ಕನೆಯದು ಮೊಂಡು.
ಸ್ಪ್ಯಾನರ್ ಜಾರಿತು, ಗೆಣ್ಣು ಸುಲಿಯಿತು,
ಬಾಯಿಗೆ ಬಂದದ್ದನ್ನು ಇಟಾಲಿಯನ್ನಿನಲ್ಲಿ ಬಯ್ದೆ.
ಬೈಗುಳಕ್ಕೆ, ಕಾರಿನ ಭಾಗಗಳ ಹೆಸರಿಗೆ
ಆ ಭಾಷೆಯನ್ನು ಇಟ್ಟುಕೊಂಡಿದ್ದೇವೆ;
ಬಿಟ್ಟುಹೋದವರ ಸಾಮಾನಿನಲ್ಲಿ ಕೆಡದೆ ಉಳಿದದ್ದು.

ಲೆತೆಬ್ರಹಾನ್ ಸ್ಟೂಲಿನ ಮೇಲೆ ಕೂತು
ಪಕ್ಕದಂಗಡಿಯ ಕಾಫಿ ಹುರಿಯುವುದನ್ನೇ ನೋಡುತ್ತ
ಹೇಳಿದರು:
ಎಳೆಯಬೇಡ ಮೆಹ್ರೆತ್. ಬಿಸಿ ಕೊಡು.
ಸ್ವಲ್ಪ ಒಳಕ್ಕೆ ತಿರುಗಿಸು, ಆಮೇಲೆ ಹೊರಕ್ಕೆ.
ಬರುವುದು ಬರುವ ಹೊತ್ತಿಗೆ ಬರುತ್ತದೆ.

ಬಂತು. ತುಂಡಾಗಿ.

ಹಾಗೂ ಆಗುವುದುಂಟು, ಎಂದರು
ಕಾಫಿಯ ಕಡೆಯಿಂದ ಕಣ್ಣು ತೆಗೆಯದೆ.

ಹಳೆ ಸೈಲೆನ್ಸರನ್ನು ಗುಡ್ಡೆಗೆ ಎಸೆಯಲು ಹೊರಟವಳನ್ನು
ಅಪ್ಪ ತಡೆದ.
ಐವತ್ತು ವರ್ಷದ ಬಡಿತಕ್ಕೆ ಅವನ ಕಿವಿ ಎಂದೋ ಅಂಗಡಿ ಮುಚ್ಚಿದೆ.
ಕತ್ತರಿ ಹಾಕಿ ಅದರ ಹೊಟ್ಟೆ ಬಿಡಿಸಿದ.
ತೇಪೆಯ ಕೆಳಗೆ ತೇಪೆ:
ಮೊದಲು ಹಾಲಿನಪುಡಿಯ ಡಬ್ಬಿ, ನಾನು ಹುಟ್ಟಿದ ವರ್ಷದ್ದಂತೆ.
ಅದರಡಿ ಟೊಮೆಟೊ, ಎಲೆಯ ಚಿತ್ರ ಇನ್ನೂ ಹಸಿರು.
ಅದರಡಿ ಸೈನ್ಯದ ಪೆಟ್ಟಿಗೆಯ ತಗಡು.
ಯಾವ ಸೈನ್ಯ ಎಂದು ಸನ್ನೆಯಲ್ಲಿ ಕೇಳುವ ಮೊದಲೇ
ಬೋರಲು ಹಾಕಿದ.
ಹೆಬ್ಬೆರಳಲ್ಲಿ ರಿವೆಟ್ಟುಗಳನ್ನು ಸವರುತ್ತ ಹೋದ,
ಇದು ನನ್ನದು. ಇದೂ ನನ್ನದು.
ಇದು ನನ್ನದಲ್ಲ, ಎಡಕ್ಕೆ ವಾಲಿದೆ,
ಎಡಗೈಯವನದು, ತೆವೆಲ್ದೆಯದು.

ಚಿಕ್ಕಪ್ಪನ ಹೆಸರು ಅಪ್ಪನ ಬಾಯಲ್ಲಿ
ನಾನು ಕೇಳಿದ್ದು ಅದೇ ಮೊದಲು.
ಆ ಚೂರೊಂದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ಮಿಕ್ಕದ್ದನ್ನು ತಾನೇ ಗುಡ್ಡೆಗೆ ಎಸೆದ.

ಹೊಸತು ಅಂದರೆ ಹೊಸತಲ್ಲ.
ಎಣ್ಣೆ ಡ್ರಮ್ಮಿನ ತಗಡು ಸುತ್ತಿ ಮಾಡಿದ ಪೈಪು,
ಒಳಗೆ ತೂತು ಕೊರೆದ ಕೊಳವೆ, ಸುತ್ತ ಲೇತಿನ ಉಕ್ಕಿನ ಸಿಪ್ಪೆ,
ತೂಗುಹಾಕಲು ಲಾರಿ ಟೈರಿನ ಪಟ್ಟಿ.
ಗ್ಯಾಸ್ಕೆಟ್ಟಿನ ಹಾಳೆಯನ್ನು ಫ್ಲ್ಯಾಂಜಿನ ಮೇಲಿಟ್ಟು
ಅಂಚಿಗೆ ಮೆಲ್ಲಗೆ, ಮೆಲ್ಲಗೆ ಬಡಿದೆ;
ಕತ್ತರಿಯೇ ಇಲ್ಲದೆ ಅದು ತನ್ನ ಆಕಾರಕ್ಕೆ ಬಿತ್ತು.
ಕ್ಲ್ಯಾಂಪು ಬಿಗಿಯುವ ಹೊತ್ತಿಗೆ
ಬೀದಿದೀಪ ಹತ್ತಿತ್ತು, ಎರಡು ಸಲ ಕಣ್ಣು ಮಿಟುಕಿಸಿ.

ಚಾಲೂ ಮಾಡಿದೆ.
ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ತಲೆಯಾಡಿಸಿದ.
ಕಿವಿ ಕೇಳುವ ಲೆತೆಬ್ರಹಾನ್ ಮಾತ್ರ ಕೇಳಿದರು:
ನಿಂತುಹೋಯಿತಾ?

ಇಲ್ಲ, ಓಡುತ್ತಿದೆ.

ಅವರ ಮುಖ ಇಳಿಯಿತು.
ಈ ಸದ್ದು ಕೇಳಿಯೇ ಅಲ್ಲಿ ನೀರು ಒಲೆಗೆ ಇಡುತ್ತಿದ್ದರು ಮಾರಾಯ್ತಿ,
ನೋವು ತಿನ್ನುವವಳು ಹಲ್ಲು ಬಿಡಿಸುತ್ತಿದ್ದಳು,
ಬಂದರು, ಬಂದರು ಅಂತ.
ಈಗ ಬೆಕ್ಕಿನ ಹಾಗೆ ಹೋಗಿ ಬಾಗಿಲು ತಟ್ಟಲೇನು?

ಐವತ್ತು ನಕ್ಫಾ ಕಡಿಮೆ ಕೊಟ್ಟರು, ಮೌನಕ್ಕೆ ದಂಡ ಎಂದು.

ಹೋದರು.
ಮೊದಲ ತಿರುವಿನಲ್ಲಿ ಹಾರ್ನು.
ಎರಡನೆಯದರಲ್ಲಿ ಹಾರ್ನು.
ಆಮೇಲೆ ತಿರುವಿಲ್ಲದ ಕಡೆಯೂ.

ಆ ಹಾರ್ನಿನ ವೈರನ್ನು ನಾನು ನೋಡಿದ್ದೇನೆ.
ಮುಂದಿನ ವಾರ ಬರುತ್ತಾರೆ.