ಕೆಮ್ಮು

ದುರ್ಗದಬೈಲಿನ ಹಿಂದ ಗುಜರಿ ಮೌಲಾಸಾಬರ ಅಂಗಡ್ಯಾಗ
ನಾ ಹುಡುಕಿದ್ದು ನಾಟಕದ ಪದ.
ಸಿಕ್ಕಿದ್ದು ಗೋಣಿಚೀಲದಾಗ ಸುತ್ತಿದ ಹನ್ನೊಂದು ತಾಟು,
ಲೇಬಲ್ಲಿನ ಮ್ಯಾಲೆ ಗಂಟಿ, ಚುಕ್ಕಿ, ಒಂದು ಕುರಿಮರಿ.
"ಕ್ರಿಸ್‌ಮಸ್ಸಿನವು, ಯಾರೂ ಒಯ್ಯೂದಿಲ್ರಿ,
ತೂಕದ ಮ್ಯಾಲೆ ಕೊಡ್ತೀನಿ."
ತಕ್ಕಡಿಯ ಒಂದು ಕಡೆ ಕಬ್ಬಿಣದ ಕಲ್ಲು
ಇನ್ನೊಂದು ಕಡೆ ಬೆತ್ಲೆಹೇಮು.
ಎರಡು ಕಿಲೋಕ್ಕ ತುಸು ಜಾಸ್ತಿ.
ಜಾಸ್ತೀದು ಬಿಟ್ಟುಕೊಟ್ರು.

ಹಂಗ ಶುರುವಾತು.
ರೈಲ್ವೆ ವರ್ಕ್‌ಶಾಪಿನ ಫಿಟ್ಟರು, ವಿಭೂತಿ ಹಚ್ಚೂ ಮನಿತನ,
ನಿನಗ್ಯಾಕ ಈ ಹುಚ್ಚು ಅಂದವರಿಗೆ
ಇವತ್ತಿಗೂ ಉತ್ತರ ಸಿಕ್ಕಿಲ್ಲ.
ಗುಂತಕಲ್ಲಿನ ಗಾರ್ಡೊಬ್ಬ ಮೂರು ಕೊಟ್ಟ.
ಕೇಶ್ವಾಪುರದ ಮನಿ ಖಾಲಿ ಮಾಡೂ ಮುಂದ
ಮಿಸೆಸ್ ಡಿಕ್ರೂಜ್ ಐದು ಕೊಟ್ರು:
ಒಂದರಾಗ ಜರ್ಮನ್, ಒಂದರಾಗ ಕೊಂಕಣಿ,
ಒಂದರಾಗ ಬರೇ ಗಂಟಿ.
ಹೆಂಡತಿ ಎಣಿಸಿದಳು:
"ಉಣ್ಣೂ ತಾಟು ಎಂಟು, ಹಾಡೂ ತಾಟು ನಲವತ್ತಮೂರು.
ಯಾವುದು ಮೊದಲ ತೊಳೀಲಿ?"

ಅರಗು ಅಂದ್ರ ನನಗ ಆಯಿ ಹೇಳಿದ ಅರಗಿನ ಮನಿ.
ಬೆಂಕಿ ಬೀಳೂದರೊಳಗ ಒಳಗಿನವರು ಪಾರಾಗಬೇಕು.
ಇಲ್ಲೂ ಸುರಂಗ ತೋಡಬೇಕು,
ಆದ್ರ ಉಕ್ಕಿನ ಸೂಜಿ ಬ್ಯಾಡ, ಗೀರತೈತಿ.
ಜಾಲಿಮುಳ್ಳು ನೆರಳಾಗ ಒಣಗಿಸಿ, ಸಾಣಿ ಹಿಡದು,
ಒಂದು ಮಗ್ಗಲಕ್ಕ ಒಂದು ಮುಳ್ಳು.

ಡಿಸೆಂಬರ್ ಬಂತಂದ್ರ
ಸ್ಕೂಟರಿನ ಹಿಂದ ಪೆಟ್ಟಿಗಿ ಬಿಗದು
ಕರದವರ ಮನಿಗೆ ಹೋಗಿ ಕೀಲಿ ಕೊಟ್ಟು ಹಚ್ಚತೀನಿ.
ರೊಕ್ಕ ಇಲ್ಲ. ಚಾ, ಎರಡು ತುಂಡು ಕೇಕು.
ತತ್ತಿ ಹಾಕಿಲ್ರಿ ಅಂತ ಅವರಽ ಹೇಳ್ತಾರ.
ನಾ ಕೇಳೂದಿಲ್ಲ.

ಬೆಟಗೇರ್ಯಾಗ, ಮಗ್ಗದ ಸಪ್ಪಳ ನಿಂತುಹೋದ ಓಣ್ಯಾಗ
ಸುವಾರ್ತಮ್ಮ ಹಂಜಿ. ಮಿಷನ್ ದವಾಖಾನಿ ನರ್ಸು,
ವಯಸ್ಸು ಎಂಬತ್ತೇಳು.
ಹಚ್ಚಿದ್ದು ಲೇಬಲ್ ಹರದ ತಾಟು, ಯಾವುದೋ ಸಾಲಿ ಮಕ್ಕಳು,
ಊರಿನ ಕಡೀ ಅಕ್ಷರ ಒಂದ ಉಳದಿತ್ತು, "ರಿ".
ಎರಡನೇ ನುಡಿ ಮುಗದು ಮೂರನೇದು ಎತ್ತೂದರೊಳಗ
ಒಂದು ಸಣ್ಣ ಕೆಮ್ಮು.
ಅವರು ಕೈ ಎತ್ತಿದ್ರು, ವಾರ್ಡಿನ್ಯಾಗ ಸುಮ್ಮನಿರಸೂ ಹಂಗ.
"ಮತ್ತ ಹಚ್ಚರಿ."
ಮತ್ತ. ಮತ್ತ. ನಾಕು ಮುಳ್ಳು ಸವದವು.

"ನಮ್ಮಕ್ಕ ಕರುಣಾ.
ಜ್ವರಾ ಇತ್ತು, ಬ್ಯಾಡಂದ್ರೂ ಹಾಡಾಕ ನಿಂತಳು.
ಒಂದು ಕೆಮ್ಮಿಗೆ ಇಡೀ ಪ್ಲೇಟು ಕೆಡಿಸಿದಳಂತ
ಮಾಸ್ತರು ಬೈದಽ ಬೈದ್ರು.
ಬೈಸಿಕೊಳ್ಳಾಕ ಮುಂದಿನ ಸುಗ್ಗೀಗೆ ಆಕಿ ಇರಲಿಲ್ಲ."

ಕಾಪಿ ಮಾಡಿಸಿ ಕೊಡ್ತೀನಂದೆ.
ಮೌಲಾಸಾಬರ ಮೊಮ್ಮಗ ಇರ್ಷಾದ, ವಿದ್ಯಾನಗರದಾಗ ಸ್ಟುಡಿಯೋ.
ಎರಡು ದಿನ ಕಂಪ್ಯೂಟರಿನ ಮುಂದ ಕುಂತು
ಸರಸರ, ಚಟಚಟ, ಬಿರುಕಿನ ಟಕ್ ಟಕ್
ಎಲ್ಲಾ ತೊಳದ.

ಸುವಾರ್ತಮ್ಮ ಕಡೀತನಕ ಕೇಳಿದ್ರು.
"ಬಾಳ ಸ್ವಚ್ಛ ಐತಿ," ಅಂದ್ರು, "ಆಪರೇಷನ್ ಖೋಲಿ ಇದ್ದಂಗ."
ಆಮ್ಯಾಲೆ,
"ಅಕ್ಕ ಎಲ್ಲಿ?"

ಅಲ್ಲೇ ಅಂಗಳದಾಗ ನಿಂತು ಫೋನ್ ಮಾಡಿದೆ.
ನಕ್ಕ ಹುಡುಗ. "ಒಗದಿಲ್ಲ ಕಾಕಾ,
ತಗದದ್ದೆಲ್ಲಾ ಬ್ಯಾರೆ ಇಟ್ಟೀನಿ.
ಗುಜರಿ ಮನಿತನ, ನಾವೇನೂ ಒಗ್ಯಾಂಗಿಲ್ಲ."

ಕಳಿಸಿದ.
ಅದರಾಗ ಹಾಡಿಲ್ಲ, ಬೆತ್ಲೆಹೇಮಿಲ್ಲ.
ಜ್ವಾಳದ ದಂಟಿನ್ಯಾಗ ಗಾಳಿ ಹೊಕ್ಕಂಗ ಸರಸರ,
ಸುತ್ತಿಗೊಮ್ಮೆ ಟಕ್,
ಸುತ್ತಿಗೊಮ್ಮೆ ಟಕ್,
ಬಾಳ ಹೊತ್ತಿನ ಮ್ಯಾಲೆ
ಹನ್ನೆರಡು ವರ್ಷದ ಹುಡುಗಿ
ಬಾಯಿಗೆ ಕೈ ಅಡ್ಡ ಹಿಡದು, ತಡೀಲಾರದ.

ಗೇಟಿನ್ಯಾಗ ಚರ್ಚಿನ ಹುಡುಗರು ಗಿಟಾರು, ಕಂದೀಲು ಹಿಡದು
ಹಾಡಾಕಂತ ಬಂದು ನಿಂತಿದ್ರು.
ಸುವಾರ್ತಮ್ಮ ಮೊಬೈಲು ಕಿವಿಗೆ ಹಚ್ಚಿಕೊಂಡಽ
ಕೈ ಎತ್ತಿದ್ರು,
ತಡೀರಿ.