ನೋಡು ಎಂದು ಬರೆದರೆ

ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ
ಮೀನಂಗಡಿಯ ಮೇಲಿನ ಕೋಣೆ ನಮ್ಮ ಟ್ಯಾಕ್ಸಿ ಆಫೀಸು.
ಒಂದು ಹೀಟರು, ಎರಡು ಫೋನು, ಮತ್ತೆ ಗ್ಲೆನಿಸ್.
ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು.
ಆದರೂ, "ಹದಿನಾಲ್ಕು, ರೌಂಡಬೌಟಿನಲ್ಲಿ ಎಡಕ್ಕೆ ಹೋಗು,
ಮುಂದೆ ರಸ್ತೆ ಅಗೆದಿದ್ದಾರೆ" ಎಂದು
ಇಡೀ ರಾತ್ರಿ ನಮ್ಮನ್ನು ತಿರುಗಿಸುವವಳು ಅವಳೇ.
ಹದಿನಾಲ್ಕು ಅಂದರೆ ನಾನು.

ಎರಡು ಗಂಟೆ ಕಳೆದರೆ ಫೋನು ಸತ್ತಂತೆ ಬಿದ್ದಿರುತ್ತದೆ.
ಆಗ ಕಂಪ್ಯೂಟರಿನೊಳಗಿಂದ ಯಂತ್ರದ ಗಂಡಸೊಬ್ಬ
ಉಸಿರೂ ಎಳೆಯದೆ ಓದುತ್ತಾನೆ,
ಹರಾಜು ಕೂಗುವವನೂ ಸೋಲಬೇಕು:
ಉಪ್ಪಿನ ಬಾಗಿಲು. ಜಾರುವ ಮೆಟ್ಟಿಲು.
ಬಡಗಣಕ್ಕೊಂದು ದಾರಿ, ಕೆಳಕ್ಕೊಂದು.
ಗಾಯಗೊಂಡ ವರ್ತಕನೊಬ್ಬ ಇಲ್ಲಿ ನಿಂತಿದ್ದಾನೆ.
ನನಗೆ ಅರ್ಧವೂ ಕಿವಿಗೆ ಸಿಕ್ಕುವುದಿಲ್ಲ.
ಅವಳ ಬೆರಳು ಆಗಲೇ ಮೆಟ್ಟಿಲಿಳಿದಿರುತ್ತದೆ.

"ಚಿತ್ರವಿಲ್ಲ, ಬಣ್ಣವಿಲ್ಲ, ಇದೆಂಥ ಆಟ?"
ಚಹಾ ಇಡುತ್ತ ಅಂದುಬಿಟ್ಟೆ ಒಮ್ಮೆ.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಅವಳು ನಕ್ಕು ಕೀಬೋರ್ಡು ನನ್ನತ್ತ ತಳ್ಳಿದಳು.
"ಬರಿ. ನೋಡು ಅಂತ ಬರಿ."
ಬರೆದೆ.
ಇಲ್ಲಿ ಕಗ್ಗತ್ತಲು. ನಿನಗೇನೂ ಕಾಣುವುದಿಲ್ಲ.
"ನೋಡಿದೆಯಾ? ದೀಪ ಮರೆತು ಬಂದರೆ ಎಲ್ಲರಿಗೂ ಅಷ್ಟೇ.
ಡಂಡೀಯ ಪೊಲೀಸನಿಗೂ ಅಷ್ಟೇ,
ಪರ್ತ್‌ನ ಹಲ್ಲಿನ ಡಾಕ್ಟರಿಗೂ ಅಷ್ಟೇ.
ದೀಪ ಹಚ್ಚಿದೆವೋ, ನನಗೂ ಅಷ್ಟೇ."

ಕೊನೆಯ ಮಾತು ನನಗೆ ತಟ್ಟಿದ್ದು
ಗಾಡಿಗೆ ಕೀಲಿ ಹಾಕಿದ ಮೇಲೆ.

ನಾನೂ ಸೇರಿದೆ. ಸ್ಟೇಷನ್ನಿನ ಸಾಲಿನಲ್ಲಿ
ಬಾಡಿಗೆ ಕಾಯುವ ಹೊತ್ತಿಗೆ ಮೊಬೈಲಿನಲ್ಲೇ ಆಟ.
ಒಳಗೆ ಬಿಡುವ ಮುಂಚೆ ಒಂದೇ ಪ್ರಶ್ನೆ:
ನೀನು ಯಾರು? ನಾಲ್ಕು ಸಾಲು ಬರೆ.
ಹನ್ನೊಂದು ವರ್ಷದಿಂದ ಹಿಂದಿನ ಸೀಟು ಕೇಳಿದೆ,
ಎಲ್ಲಿಯವನು? ಅಲ್ಲ, ನಿಜವಾಗಿ ಎಲ್ಲಿಯವನು?
ಯಾರು ಎಂದು ಕೇಳಿದ್ದಿಲ್ಲ.
ದೋಣಿ ನಡೆಸುವವ, ಎಂದು ಬರೆದೆ.
ಎಡಗೈಗೆ ಆರು ಬೆರಳು. ಮಾತು ಕಡಿಮೆ.
ಕೊಟ್ಟ ಸಾಲ ಮರೆಯುತ್ತಾನೆ.
ಬರೆದದ್ದೇ ತಡ, ನಂಬಿದರು.
ಈಜು ಬಾರದ ನನ್ನನ್ನು ನಂಬಿ
ಏಳು ಮಂದಿ ದೋಣಿ ಹತ್ತಿ ಕೂತರು.

ಕೊಲ್ಲುವುದು, ದೋಚುವುದು ಎಲ್ಲ ಇದೆ.
ಹೆಚ್ಚಿನ ರಾತ್ರಿ ಮಾತ್ರ ಛತ್ರದ ಒಲೆ ಮುಂದೆ ಹರಟೆ.
ಒಬ್ಬಳು ಗಂಟೆಗಟ್ಟಲೆ ಬರೆದು ಬರೆದು
ಒಂದು ಸಾರು ಕುದಿಸುತ್ತಾಳೆ.
ಉಪ್ಪು ಜಾಸ್ತಿ ಎಂದು ಒಬ್ಬ ಮುನಿಸಿಕೊಂಡ, ವಾರ ಮಾತಿಲ್ಲ.

ಅಲ್ಲಿ ಹೊಸ ಜಾಗ ಕಟ್ಟುವ ಹಕ್ಕು ಗ್ಲೆನಿಸ್‌ಗಿದೆ.
"ಹದಿನಾಲ್ಕು, ನನಗೊಂದು ಕಡಲು ಬರೆದುಕೊಡು.
ನಮ್ಮದೇ, ಹಂಬರ್ ಸೇರುವ ಕಡೆಯದು."
ಬೂದಿ ಬಣ್ಣದ ಕಡಲು, ಎಂದು ಶುರು ಮಾಡಿದೆ.
"ಬೂದಿ ಗೊತ್ತು. ಬಣ್ಣ ತಗೊಂಡು ಏನು ಮಾಡಲಿ?"
ಹೊಡೆದುಹಾಕಿದೆ.

ಮೂರು ರಾತ್ರಿ ಕ್ಲೀಥಾರ್ಪ್ಸ್ ದಂಡೆಯಲ್ಲಿ ಗಾಡಿ ನಿಲ್ಲಿಸಿ
ಕಣ್ಣು ಮುಚ್ಚಿ ಕೂತೆ.
ಬಂದದ್ದು ಕನ್ನಡದಲ್ಲೇ ಬಂತು:
ಹುಡಿಮಣ್ಣು ಹಾಕಿ ಉಜ್ಜಿದ ತಪ್ಪಲೆಯ ತಳ ಈ ನೀರು,
ಬೆರಳಾಡಿಸಿದರೆ ತರಿತರಿ.
ಗಾಳಿಯೆಂದರೆ ಕೆನ್ನೆಗೆ ಒದ್ದೆ ಗೋಣಿ.
ಅಲೆ ಹಿಂದೆ ಸರಿದಾಗ
ಹಲ್ಲಿಲ್ಲದ ಬಾಯಲ್ಲಿ ಕೆಸರು ಲೊಚಗುಟ್ಟುತ್ತದೆ.
ಇಂಗ್ಲಿಷಿಗೆ ಹೇಗೋ ದಾಟಿಸಿದೆ.
ತರಿತರಿ ಮಾತ್ರ ದೋಣಿ ಹತ್ತಲಿಲ್ಲ.
ಹಾಗೇ ಬಿಟ್ಟೆ.

ಡಂಡೀಯ ಪೊಲೀಸ ಈಗ ಬಂದವನೇ ಕೇಳುತ್ತಾನೆ,
ಇವತ್ತು ಕಡಲು ತರಿತರಿಯೋ ಹೇಗೆ?

ಆ ಜಾಗ ತೆರೆದ ರಾತ್ರಿ ನಾನು ಆಫೀಸಿನಲ್ಲೇ ಇದ್ದೆ.
ಗ್ಲೆನಿಸ್ ದಂಡೆಗೆ ಹೋದಳು. ನೋಡು, ಎಂದು ಬರೆದಳು.
ಯಂತ್ರದವ ಸರಸರ ಓದುತ್ತ ಬಂದು
ತರಿತರಿಯಲ್ಲಿ ಎಡವಿದ.
ಅವಳು ಓಟ ನಿಧಾನ ಮಾಡಿ
ಇನ್ನೊಮ್ಮೆ ಬರೆದಳು, ನೋಡು.
ಇನ್ನೊಮ್ಮೆ.
ಬೆರಳ ತುದಿಗಳು ಮೇಜಿನ ಅಂಚನ್ನು
ಮೆಲ್ಲಗೆ ಸವರುತ್ತಿದ್ದವು.

ಫೋನು ಬಡಿದುಕೊಂಡಿತು. ಒಂದಕ್ಕೇ ಎತ್ತುವವಳು
ಐದು ಬಾರಿ ಬಡಿಯಲು ಬಿಟ್ಟಳು.
"ಹದಿನಾಲ್ಕು," ಅಂದಳು, ಎಂದಿನ ದನಿ,
"ಡಾಕ್ಸ್ ಸ್ಟೇಷನ್. ಇಬ್ಬರು, ಜೊತೆಗೊಂದು ಒದ್ದೆ ನಾಯಿ.
ಸೀಟಿಗೆ ಏನಾದರೂ ಹಾಸಿಕೋ."