ಕುಟ್ಟುವವನು ಹೇಳಿದ್ದು

ನಾನು ಕುಟ್ಟುವವನು, ಅಷ್ಟೆ.
ಒಡುಮಾಸೆಯ ಮಾವಿನ ನೆರಳಲ್ಲಿ
ಕಬ್ಬಿಣದ ಒರಳು, ಲಾರಿಯ ಹಳೇ ಆಕ್ಸಲ್ಲೇ ಒನಕೆ.
ಬಿಯರಿನ ಹಸಿರು ಬಾಟಲಿ, ಮುಲಾಮಿನ ನೀಲಿ ಶೀಶೆ,
ಅಕೊಸೊಂಬೊ ರಸ್ತೆಯಲ್ಲಿ ಮಗುಚಿದ ವ್ಯಾನಿನ ಮುಂಗಾಜು
ಎಲ್ಲವೂ ನನ್ನ ಕೈಗೆ ಬಂದರೆ ಹಿಟ್ಟು.
ಮೂಗಿಗೆ ಬಟ್ಟೆ ಕಟ್ಟಿ ಜರಡಿ ಹಿಡಿಯುತ್ತೇನೆ.
ಮಿಕ್ಕದ್ದು ಅಕ್ಕನದು.

ಅಕ್ಕ ಮಾಮ್ಲೆ
ಮಣ್ಣಚ್ಚಿನ ಕುಳಿಕುಳಿಗೂ ಪುಡಿ ತುಂಬಿ
ನಟ್ಟನಡುವೆ ಮರಗೆಣಸಿನ ಎಲೆತೊಟ್ಟು ನಿಲ್ಲಿಸುತ್ತಾಳೆ.
ಗಾಜು ಕರಗಿ ಒಂದಾಗುವ ಹೊತ್ತಿಗೆ
ತೊಟ್ಟು ಉರಿದು ಬೂದಿ.
ಅದು ನಿಂತಿದ್ದ ಜಾಗವೇ
ದಾರಕ್ಕೆ ದಾರಿ.

ಈ ಸಲ ಆಕ್ರಾದ ಅಂಗಡಿಯವಳು
ಹೊಸತು ಬೇಕು ಎಂದಿದ್ದಾಳೆ.
ಯಾರೂ ಕಾಣದ್ದು. ಶನಿವಾರದೊಳಗೆ.
ನಾಲ್ಕು ದಿನ ಕುಲುಮೆ ತಣ್ಣಗೆ.
ವೋಲ್ಟಾ ದಡಕ್ಕೆ ಹೋಗಿ ಮಿಂಚುಳ್ಳಿಯ ಬೆನ್ನು ನೋಡಿ ಬಂದಳು:
"ಅದರ ನೀಲಿ ಅದಕ್ಕೇ ಇರಲಿ."
ಚರ್ಚಿನ ಹೆಂಗಸರ ಉಡುಪಿನ ಬಳ್ಳಿ, ಚೌಕಳಿ
ಹಾಳೆಗಿಳಿಸಿದಳು, ಹರಿದಳು.
ಅಜ್ಜಿಯ ಪೆಟ್ಟಿಗೆ ತೆರೆದಳು.
ಒಂದು ಹೋರಿಯ ಬೆಲೆಯದಂತೆ ಆ ಹಳದಿ ಮಣಿ;
ಮುಟ್ಟಿದಳು, ಮುಚ್ಚಿದಳು.
ರಾತ್ರಿಯೆಲ್ಲ ತಲೆಯೆತ್ತಿ ಕೂತಳು,
ಸಾಲ ಕೊಟ್ಟ ಚುಕ್ಕಿಗಳ ವಸೂಲಿಗೆ ಬಂದವಳ ಹಾಗೆ.
ನಾನೋ, ಕುಟ್ಟಿದ್ದನ್ನೇ ಕುಟ್ಟಿದೆ.

ಶುಕ್ರವಾರ ಸಂಜೆ.
ನಮ್ಮಲ್ಲಿ ಕೂಸನ್ನು ತೂಗಲು ತಕ್ಕಡಿಯಿಲ್ಲ,
ಸೊಂಟದ ಮಣಿಸರವೇ ಲೆಕ್ಕ ಹೇಳಬೇಕು.
ಮೂರನೆಯವಳು ಮಾಕು
ಗಂಜಿ ಕುಡಿದು, ತೇಗಿ, ಅದೇಕೋ ನಕ್ಕಳು.
ದಾರ ಟಕ್ಕೆಂದಿತು.
ಕೆಂಪು ನೆಲದ ತುಂಬಾ ಮಣಿ.
ಅಕ್ಕ ಬೈಯಲಿಲ್ಲ, ಚಪ್ಪಾಳೆ ತಟ್ಟಿದಳು:
"ತುಂಬಿಕೊಂಡಳು ನನ್ನ ಮಗಳು!"

ಆಮೇಲೆ ಮಂಡಿಯೂರಿ
ಕೋಳಿಯ ಕಾಲಡಿ, ಒರಳಿನ ಬುಡ, ನನ್ನ ಚಪ್ಪಲಿಯ ಸಂದು.
ನಾಲ್ಕು ದಿನ ಮೇಲೆ ನೋಡಿದ ಕುತ್ತಿಗೆ ಈಗ
ಮಣಿಗಾಗಿ ಮಣಿದಿತ್ತು.
ಸಿಕ್ಕಿದ್ದನ್ನು ಸಿಕ್ಕ ಹಾಗೇ ದಾರಕ್ಕೇರಿಸುತ್ತ ಹೋದಳು:
ನೀಲಿ, ನೀಲಿ, ಹಳದಿ, ಅರೆ ಸುಟ್ಟದ್ದೊಂದು,
ಮುಂದಿನದು ಸಿಗುತ್ತಿಲ್ಲ —
ಅಲ್ಲೊಂದು ಗಂಟು, ಹುಡುಕಿದಷ್ಟು ಹೊತ್ತು ಬರಿದಾರ,
ಮತ್ತೊಂದು ಗಂಟು,
ಹಸಿರು.
ಕತ್ತಲಾಯಿತು. ಲಾಂದ್ರ ತಾ ಎಂದಳು.
ದನಿ ಬದಲಾಗಿತ್ತು.

ಅಂಗಡಿಯವಳು ಏನೆನ್ನುತ್ತಾಳೋ ಗೊತ್ತಿಲ್ಲ.
ಸರ ಬಸ್ಸು ಹತ್ತಿತು, ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು.

ಇವತ್ತು ಒರಳು ತೊಳೆಯುವಾಗ
ತಳದಲ್ಲೊಂದು ಕೆಂಪು ಮಣಿ, ಮಾಕುವಿನದು,
ಒನಕೆಗೂ ಸಿಗದೆ ಉಳಿದದ್ದು.
ಜೇಬಿಗೆ ಹಾಕಿಕೊಂಡೆ.
ಅಕ್ಕನಿಗೆ ಹೇಳಲಿಲ್ಲ.
ಹೇಳಿದರೆ ಆ ಬರಿದಾರಕ್ಕೆ
ಇದನ್ನೂ ಏರಿಸಿಯಾಳು.